ಸಿನಿಮಾ ಮುಗಿದ ಮೇಲೆ ಮೋಹನ್‌ಕುಮಾರ್
ಬಟವಾಡಿಯಲ್ಲಿ ಔಷಧಿ ಅಂಗಡಿ ಇಟ್ಟಿರುವ ಮೋಹನ್‌ಕುಮಾರರಿಗೆ ಸಿನಿಮಾ ಮುಗಿದ ಮೇಲೆಯೇ ನಿಜವಾದ ಸಂಕಟ ಶುರುವಾಗುವುದು. ಮಠದ ತಾಳೆಗರಿ ಕದಿಯುವ ಪಿತೂರಿಯ ಚಿತ್ರವೊಂದನ್ನು ಮೂರು ಸಲ ನೋಡಿ ಬಂದವರು, ಮಾತ್ರೆ ಕೊಡುತ್ತಲೇ ಗಿರಾಕಿಯನ್ನು ತಡೆದು, "ಗರ್ಭಗುಡಿಗೆ ಒಳಗಿಂದ ಚಿಲಕ ಹಾಕಿತ್ತು ಸಾರ್, ಪೂಜಾರಿನ ಕೊಂದವ್ನು ಹೊರಗೆ ಹೆಂಗ್ ಬಂದ?" ಎನ್ನುತ್ತಾರೆ. ಉತ್ತರ ಸಿಗದಿದ್ದರೆ ಊಟದ ತಟ್ಟೆ ಬಿಟ್ಟೆದ್ದು ನಡುಮನೆಯಲ್ಲಿ ಶತಪಥ ಹಾಕುತ್ತಾರೆ. "ಪಿಚ್ಚರ್ ತಾನೇ, ಬಿಡ್ರೀ" ಎಂದು ಹೆಂಡತಿ ಪ್ರಮೀಳಾ ನೂರು ಸಲ ಹೇಳಿಯಾಗಿದೆ. ನಿನ್ನೆ ಮಾತ್ರ ಮೋಹನ್‌ಕುಮಾರರು ತಣ್ಣಗೆ, "ಮಠದ ಅಡುಗೆಯವ್ನು ಅರ್ಧಕ್ಕೇ ಕಾಣೆಯಾದ. ಆಮೇಲೆ ಒಬ್ರೂ ಅವನ ಹೆಸರೇ ಎತ್ತಲಿಲ್ವಲ್ಲ" ಎಂದರು. ಅವರ ಮದುವೆಗೂ ಮುಂಚೆ ಹುತ್ರಿದುರ್ಗದ ಬೆಟ್ಟಕ್ಕೆಂದು ಹೋದ ಮೋಹನ್‌ಕುಮಾರರ ಅಣ್ಣ ಇನ್ನೂ ಹಿಂತಿರುಗಿಲ್ಲ. ಪ್ರಮೀಳಾ ಪಕ್ಕದಲ್ಲಿ ಬಂದು ಕೂತು, "ಭಾವನೋರು ಅವತ್ತು ಯಾವ ಷರ್ಟ್ ಹಾಕಿದ್ರು?" ಎಂದು ಕೇಳಿದಳು.