ಮಲ್ಲಮ್ಮ ಹಾಸಿದ ಗೋಣಿತಾಟು

ಬಾತುಮರಿ ಎದ್ದು ನಿಲ್ಲಲಿಲ್ಲ.

ನಾಲ್ಕು ಮರಿಗಳಲ್ಲಿ ಅದೇ ದಪ್ಪಗಿತ್ತು, ತಟ್ಟೆ ಇಟ್ಟರೆ ಮೊದಲು ಓಡಿ ಬರುತ್ತಿದ್ದುದೂ ಅದೇ. ಅವತ್ತು ಬೆಳಿಗ್ಗೆ ತಟ್ಟೆ ಕಂಡು ಕತ್ತು ಚಾಚಿತು. ಕಾಲುಗಳು ಎರಡೂ ಬದಿಗೆ ಜಾರಿದವು. ಎದೆ ಊರಿಕೊಂಡು ತೆವಳಿತು. ಇನ್ನೊಂದು ಮರಿಯ ಕಾಲೂ ಸೊಟ್ಟಗಾಗಿತ್ತು.

ಹೆಬ್ಬಗೋಡಿಯಲ್ಲಿ ನಮ್ಮದು ಮೊದಲು ರಾಗಿ ಹೊಲ. ಈಗ ಅದರಲ್ಲಿ ಬಾಡಿಗೆ ರೂಮುಗಳು, ಮುಂದೆ ನಮ್ಮ ಮನೆ. ಚಿಕ್ಕಂದಿನಲ್ಲಿ ಅಮ್ಮ ಕೆರೆಗೆ ಬಾತು ಬಿಡುತ್ತಿದ್ದಳು. ಆ ಆಸೆಗೆ ಸರ್ಜಾಪುರದ ಕಡೆಯಿಂದ ಮರಿ ತಂದೆ. ಆದರೆ ಮಣ್ಣಿನಲ್ಲಿ ಬಿಡಲು ಮನಸ್ಸಾಗಲಿಲ್ಲ. ಹಾಲ್‌ಗೆ ಹೊಸದಾಗಿ ಹಾಕಿಸಿದ, ಮುಖ ಕಾಣುವಂಥ ಟೈಲ್ಸ್ ಮೇಲೆ ಬಿಟ್ಟೆ. ದಿನಕ್ಕೆ ಎರಡು ಸಲ ಒರೆಸುತ್ತಿದ್ದೆ. ಬಾತು ಸಾಕಿದರೂ ಮನೆ ಎಷ್ಟು ಕ್ಲೀನು ಎಂದು ಬಂದವರು ಹೊಗಳಲಿ ಅನ್ನುವ ಚಪಲ, ಇನ್ನೇನು!

ಮಲ್ಲಮ್ಮ ನಮ್ಮ ಕೊನೆಯ ರೂಮಿನಲ್ಲಿದ್ದವಳು, ಯಾದಗಿರಿ ಕಡೆಯವಳು. ಗಾರೆ ಕೆಲಸಕ್ಕೆ ಹೋಗುವ ಮುಂಚೆ ಬಂದು ಮರಿಗಳಿಗೆ ನೀರಿಡುತ್ತಿದ್ದಳು. ನಾನು ಹೇಳಿದ್ದಕ್ಕಲ್ಲ, ಅವಳಿಗೇ ಪ್ರೀತಿ. ದಿನವೂ ಒಂದು ಗೋಣಿತಾಟು ಹಾಸಿ ಹೋಗುತ್ತಿದ್ದಳು. ದಿನವೂ ನಾನು ಅದನ್ನೆತ್ತಿ ಹೊರಗೆಸೆಯುತ್ತಿದ್ದೆ. ಸಿಮೆಂಟ್ ವಾಸನೆಯ ತಾಟು, ನನ್ನ ಹಾಲ್‌ನಲ್ಲಿ! ಯಾಕೆ ಹಾಸುತ್ತೀಯೆ ಎಂದು ಒಂದು ದಿನವಾದರೂ ಕೇಳಲಿಲ್ಲ.

ಅವತ್ತು ಅವಳನ್ನೇ ಹಿಡಿದೆ.

"ಮರೀನ ತುಳ್ದಿದ್ದೀಯ ನೀನು. ಸುಮ್‌ಸುಮ್ನೆ ಕಾಲು ಇಂಗಾಯ್ತದಾ?"

"ನಾ ತುಳಿದಿಲ್ರೀ ಅಕ್ಕಾರ. ನೆಲ ಜಾರತೈತಿ, ಅದಕ್ಕ ನಾನು..."

"ಸುಳ್ಳು ಬೇರೆ! ರೂಮ್ ಖಾಲಿ ಮಾಡು."

ಉಳಿದ ರೂಮಿನವರೆಲ್ಲ ಬಾಗಿಲಿಗೆ ಬಂದಿದ್ದರು. ಅವರು ನೋಡುತ್ತಿದ್ದಾರೆಂದೇ ದನಿ ಇನ್ನಷ್ಟು ಏರಿಸಿದೆ. ಮಲ್ಲಮ್ಮ ಗಂಟುಮೂಟೆ ಕಟ್ಟಿದಳು. ಮಾರನೆಯ ದಿನವೇ ಹೋದಳು.

ಅವಳು ಹೋದ ಮೇಲೆ ಮರಿಗಳನ್ನು ರಟ್ಟಿನ ಡಬ್ಬದಲ್ಲಿಟ್ಟುಕೊಂಡು ಪಶು ಆಸ್ಪತ್ರೆಗೆ ಹೋಗಿ, ಯಾರೋ ತುಳಿದಿದ್ದಾರೆ ಅಂದೆ. ಡಾಕ್ಟರ್, ಚಿಕ್ಕ ವಯಸ್ಸಿನ ಹುಡುಗಿ, ಕಾಲು ಒತ್ತಿ ನೋಡಿದರು.

"ಫ್ರ್ಯಾಕ್ಚರ್ ಇಲ್ಲ ಮೇಡಂ. ಯಾರೂ ತುಳಿದಿಲ್ಲ. ಏನ್ ಫೀಡ್ ಹಾಕ್ತಿದ್ರಿ?"

"ಕೋಳಿಮರಿ ಫೀಡು."

"ಬಾತುಮರಿಗೆ ಅದು ಸಾಲಲ್ಲ. ನಯಾಸಿನ್ ಅನ್ನೋ ವಿಟಮಿನ್ ಕಮ್ಮಿ ಆಗಿರ್ಬೇಕು. ನೆಲ ಎಂಥದ್ದು?"

"ಟೈಲ್ಸು."

"ಅಯ್ಯೋ, ಅದ್ರ ಮೇಲೆ ಕಾಲು ನಿಲ್ಲುತ್ತಾ? ಒಂದು ಗೋಣಿತಾಟಾದ್ರೂ ಹಾಸಬಾರ್ದಿತ್ತಾ?"

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಡಾಕ್ಟರ್ ಹೇಳಿದಂತೆ, ಆ ವಿಟಮಿನ್ ಇರುವ ಈಸ್ಟ್ ಪುಡಿಯನ್ನು ಫೀಡ್‌ಗೆ ಬೆರೆಸಿದೆ. ದಪ್ಪ ಮರಿಯ ಕಾಲುಗಳು ಅಗಲಕ್ಕೆ ಹೋಗದಂತೆ ನಡುವೆ ಮೆತ್ತನೆಯ ಬ್ಯಾಂಡೇಜ್ ಕಟ್ಟಿದೆ. ದಿನಾ ಉಗುರುಬೆಚ್ಚನೆಯ ನೀರಿನ ಟಬ್‌ನಲ್ಲಿ ಸ್ವಲ್ಪ ಹೊತ್ತು ಹೊಟ್ಟೆ ಹಿಡಿದು ಈಜಿಸಿದೆ. ನೀರಿನಲ್ಲಿ ಮೈಭಾರವಿಲ್ಲವಲ್ಲ, ಕಾಲು ಆಡಿಸುತ್ತಿತ್ತು. ಮೇಲೆತ್ತಿದರೆ ನನ್ನ ಅಂಗೈಯಲ್ಲೇ ಕಣ್ಣು ಮುಚ್ಚುತ್ತಿತ್ತು. ಕಾಲು ಕೆಡಿಸಿದ ಕೈ ಯಾವುದೆಂದು ಅದಕ್ಕೇನು ಗೊತ್ತು, ಪಾಪ! ಟಬ್ಬಿನ ಮುಂದೆ ಕೂತಾಗಲೆಲ್ಲ ಮಲ್ಲಮ್ಮ ಅರ್ಧಕ್ಕೆ ನಿಲ್ಲಿಸಿದ ಮಾತು ನೆನಪಾಗಿ ಮೈ ಹಿಡಿಯಾಗುತ್ತಿತ್ತು. ನಾಲ್ಕನೇ ವಾರ ಸೊಟ್ಟ ಕಾಲಿನ ಮರಿ ನೆಟ್ಟಗೆ ನಡೆಯಿತು. ದಪ್ಪ ಮರಿ ನಿಂತಿತು, ಬಿತ್ತು, ಮತ್ತೆ ನಿಂತಿತು. ಕುಂಟು ಮಾತ್ರ ಉಳಿಯಿತು.

ಅದನ್ನೇ ಎತ್ತಿಕೊಂಡು ಮಲ್ಲಮ್ಮನನ್ನು ಹುಡುಕಿ ಹೋದೆ. ಎರಡು ಬೀದಿ ಆಚೆ, ನಲ್ಲಿಯ ಹತ್ತಿರ ಕೊಡ ತುಂಬುತ್ತಿದ್ದಳು. ಸುತ್ತ ಏಳೆಂಟು ಹೆಂಗಸರು. ಒಬ್ಬಳನ್ನೇ ಪಕ್ಕಕ್ಕೆ ಕರೆಯೋಣವೆಂದುಕೊಂಡೆ. ಛೀ, ಬೈದದ್ದು ಎಲ್ಲರ ಮುಂದೆ ತಾನೇ?

"ತಪ್ಪು ನಂದು ಮಲ್ಲಮ್ಮ. ನೀನು ತುಳ್ದಿರಲಿಲ್ಲ. ನನ್ ಟೈಲ್ಸಿಂದ, ನನ್ ಫೀಡಿಂದ ಇಂಗಾಯ್ತು. ಸುಳ್ಳಿ ಅಂದ್ಬಿಟ್ಟೆ ನಿನ್ನ."

ಹೆಂಗಸರೆಲ್ಲ ತಿರುಗಿ ನೋಡಿದರು. ಮಲ್ಲಮ್ಮ ನನ್ನ ಮುಖ ನೋಡಲಿಲ್ಲ. ಮರಿಯನ್ನು ತೆಗೆದುಕೊಂಡು ನೆಲಕ್ಕೆ ಬಿಟ್ಟಳು. ಅದು ಕುಂಟುತ್ತಾ ಅವಳ ಕೊಡದವರೆಗೂ ಹೋಯಿತು.

"ನಡೀತೈತಿ," ಅಂದು ಕಣ್ಣೊರೆಸಿಕೊಂಡಳು.

"ರೂಮು ಖಾಲಿ ಐತೆ. ವಾಪಸ್ ಬಾ."

"ಬ್ಯಾಡ್ರೀ ಅಕ್ಕಾರ. ಅಂಥಾ ಮಾತು ಇನ್ನೊಮ್ಮಿ ಕೇಳಾಕ ಆಗೂದಿಲ್ಲ."

ಆದರೂ ನಾನು ಹೊರಟಾಗ, ತನ್ನ ಮನೆಯಿಂದ ಒಗೆದು ಮಡಚಿಟ್ಟಿದ್ದ ಒಂದು ತಾಟು ತಂದು ಕೈಗಿತ್ತಳು.

ಈಗ ಹಾಲ್ ತುಂಬಾ ಗೋಣಿತಾಟು. ಇಂಥಾ ಟೈಲ್ಸ್ ಯಾಕೆ ಮುಚ್ಚಿದ್ದೀಯೆ ಎಂದು ಬಂದವರು ಕೇಳುತ್ತಾರೆ. ಕೂರಿಸಿ, ಎಲ್ಲವನ್ನೂ ಹೇಳುತ್ತೇನೆ, ಮಲ್ಲಮ್ಮನ ಹೆಸರಿನಿಂದ ಶುರು ಮಾಡಿ.