ನನ್ನ ಬಲಗೈಯನ್ನು ಮಾತಾಡಿಸಿದ ಡಾಕ್ಟರು

ಡಾಕ್ಟರಿಗೆ ಎಡಹುಬ್ಬು ಅರ್ಧವೇ ಇತ್ತು. ಯಾವಾಗಲೋ ಸ್ಪಿರಿಟ್ ಸ್ಟೌ ಭುಗ್ ಅಂದು ಸುಟ್ಟದ್ದು, ಆಮೇಲೆ ಕೂದಲು ಬರಲೇ ಇಲ್ಲ. ಅದರಿಂದ ಅವರು ಬೈಯುವಾಗಲೂ ಏನೋ ಕೇಳುತ್ತಿದ್ದಾರೆ ಅನ್ನಿಸುತ್ತಿತ್ತು. ಬೈಯುತ್ತಿದ್ದದ್ದೂ ಅಪರೂಪ ಬಿಡಿ.

ಅವರು ದೊಡ್ಡಬಳ್ಳಾಪುರದ ಆಸ್ಪತ್ರೆಗೆ ಬಂದದ್ದು ಯುದ್ಧದ ಕಾಲದಲ್ಲಿ. ಕ್ಲೋರೋಫಾರಂ ಎಲ್ಲ ಸಿಪಾಯಿಗಳ ಪಾಲಾಗಿ ನಮ್ಮಂಥವರಿಗೆ ಸಿಗುತ್ತಿರಲಿಲ್ಲ. ಹಲ್ಲು ಕೀಳುವಾಗ, ಸುಟ್ಟಗಾಯದ ಪಟ್ಟಿ ಬಿಚ್ಚುವಾಗ ಇವರು ಪಕ್ಕದಲ್ಲಿ ಕೂತು ಮೆಲ್ಲಗೆ ಮಾತಾಡುತ್ತಿದ್ದರು. ಮಾತು ಕೇಳುತ್ತ ಕೇಳುತ್ತ ನರಳುವವರು ಸುಮ್ಮನಾಗುತ್ತಿದ್ದರು. ಅಷ್ಟು ಸಾಕಲ್ಲ ಊರಿಗೆ! 'ವಶೀಕರಣದ ಡಾಕ್ಟರು' ಅಂತ ಹೆಸರಿಟ್ಟುಬಿಟ್ಟರು.

ನಾನು ಆಗ ನೇಕಾರರ ಮನೆಯ ಎಳೆ ಸೊಸೆ. ಚೊಚ್ಚಲ ಮಗು ಜ್ವರ ಬಂದು ತೀರಿಹೋಗಿತ್ತು. ಅದರ ಹಿಂದೆಯೇ ನನ್ನ ಬಲಗೈ ಮಣಿಕಟ್ಟಿನಿಂದ ಕೆಳಗೆ ಮರಗಟ್ಟಿತು. ತುತ್ತು ಎತ್ತಲಾಗದು, ರಾಟೆ ತಿರುಗಿಸಲಾಗದು. ನೂಲು ಸುತ್ತಲಾರದ ಸೊಸೆ ಮಗ್ಗದ ಮನೆಗೆ ಯಾತಕ್ಕೆ? ತಾಯತ ಕಟ್ಟಿಸಿದರು, ನಿಂಬೆಹಣ್ಣು ನಿವಾಳಿಸಿದರು. ಕೊನೆಗೆ ನನ್ನನ್ನು ತವರಿಗೆ ಅಟ್ಟಿ, ಗಂಡನಿಗೆ ಇನ್ನೊಂದು ಮದುವೆ ಮಾಡುವ ಮಾತು ಶುರುವಾಯಿತು. ಹತ್ತಿರದ ವಿಜಯಪುರಕ್ಕೆ ಹೋಗಿ ಹೆಣ್ಣನ್ನೂ ನೋಡಿಕೊಂಡು ಬಂದರು, ಪುಣ್ಯಾತ್ಮರು! ಆ ಹುಡುಗಿಯ ಕೈಚಳಕವನ್ನು ನನ್ನೆದುರಿಗೇ ಹೊಗಳಿದರು.

ಗಂಡ ಮಾತ್ರ ಯಾರಿಗೂ ಹೇಳದೆ ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರು ಬೆರಳ ತುದಿಯಿಂದ ಸೂಜಿ ಚುಚ್ಚುತ್ತ ಬಂದರು. ಬಳೆ ಇರುವ ಜಾಗದವರೆಗೆ ಏನೂ ಗೊತ್ತಾಗಲಿಲ್ಲ. ಅದನ್ನು ದಾಟಿದ್ದೇ ತಡ, 'ಹಾ' ಅಂದೆ.

"ನರ ಹೀಗೆ ಬಳೆ ಅಳತೆಗೆ ಸರಿಯಾಗಿ ಕೆಡಲ್ಲ ಕಣಮ್ಮ. ಕೈ ಚೆನ್ನಾಗಿದೆ" ಅಂದರು.

"ಹಂಗಾದ್ರೆ ನಾನು ನಾಟ್ಕ ಆಡ್ತಿದೀನಾ?" ಅಂತ ಮೇಲೆ ಬಿದ್ದೆ.

"ಛೆ, ಇಲ್ಲ. ಕೈ ಹೆದರಿಕೊಂಡಿದೆ, ನಿನ್ನ ಮಾತು ಕೇಳ್ತಿಲ್ಲ. ಕೂತು ಮಾತಾಡಿಸೋಣ. ನೀನು ಪೂರ್ತಿ ನಿದ್ದೆ ಹೋಗಲ್ಲ, ನಾನು ಹೇಳೋದೆಲ್ಲ ಕೇಳಿಸ್ತಾ ಇರುತ್ತೆ. ಬೇಡ ಅನ್ನಿಸಿದ್ರೆ ಕಣ್ಣುಬಿಟ್ಟು ಎದ್ದು ಹೋಗು, ನಾನೇನು ಕಟ್ಟಿ ಹಾಕಲ್ಲ."

ಆಸ್ಪತ್ರೆಯ ಆ ಮೌನದಲ್ಲಿ ನನಗೆ ಮೈ ಸಡಿಲವಾಗಲೇ ಇಲ್ಲ. "ಮನೇಲಿ ಹೇಗೆ ನಿದ್ದೆ ಬರುತ್ತೆ?" ಅಂತ ಕೇಳಿದರು. "ಮಗ್ಗ ಆಡ್ತಿದ್ರೆ ಬತ್ತದೆ ಸ್ವಾಮಿ" ಅಂದೆ.

ಮಾರನೆಯ ಮಧ್ಯಾಹ್ನ ಮನೆಗೇ ಬಂದುಬಿಟ್ಟರು! ಗಂಡ ಮಗ್ಗದಲ್ಲಿ ಕೂತರು. ಲಾಳಿಯ ಸದ್ದಿಗೆ ಸರಿಯಾಗಿ ಡಾಕ್ಟರ ಮಾತು: ಉಸಿರು ನಿಧಾನ, ಭುಜ ಹಗುರ, ಬೆರಳು ಬೆಚ್ಚಗೆ. ನನ್ನ ತೋರುಬೆರಳು ಅದುರಿತಂತೆ. ಅಷ್ಟರಲ್ಲಿ ಹೊರಗಿನಿಂದ ಬಂದ ಮಾವನವರು, "ಡಾಕ್ಟ್ರು ಬಂದವ್ರೆ, ಮಗ್ಗ ನಿಲ್ಸೋ! ಮರ್ವಾದೆ ಇಲ್ವಾ?" ಅಂತ ಗದರಿದರು. ಮಗ್ಗ ಗಕ್ಕನೆ ನಿಂತಿತು.

ಪಾಪ, ಅವರು ಮರ್ಯಾದೆಗೆ ಅಂದದ್ದು. ಆದರೆ ನಮ್ಮ ಮನೆಯಲ್ಲಿ ನಡುಮಧ್ಯಾಹ್ನ ಮಗ್ಗ ಹಾಗೆ ನಿಲ್ಲುವುದು ಸಾವಿಗೆ ಮಾತ್ರ. ಮಗು ಹೋದ ದಿನವೂ ಹಾಗೇ ನಿಂತಿತ್ತು. ನಾನು ಕಿರುಚಿಕೊಂಡು ಎದ್ದು ಕೂತೆ. "ಕೈ ಸೇದೋಗ್ಲಿ ಅಂದ್ರು! ಮಗೂಗೆ ಔಷ್ದಿ ಕುಡಿಸಿದ ಕೈ ಸೇದೋಗ್ಲಿ ಅಂತ ಅತ್ತೆ ಅಂದ್ರು!"

ಆ ಮಾತು ನನ್ನೊಳಗೆ ಇದ್ದದ್ದು ನನಗೇ ಗೊತ್ತಿರಲಿಲ್ಲ. ಅಡುಗೆಮನೆ ಬಾಗಿಲಲ್ಲಿ ಅತ್ತೆ ಬಿಳಿಚಿಕೊಂಡು ನಿಂತಿದ್ದರು. ಡಾಕ್ಟರು ಅವರನ್ನು ಒಂದು ಮಾತೂ ಅನ್ನಲಿಲ್ಲ. "ಮೊಮ್ಮಗು ಹೋದ ಸಂಕಟದಲ್ಲಿ ಆಡಿದ್ದೀರಿ. ಈ ಕೈ ಅದನ್ನ ನಂಬಿಬಿಟ್ಟಿದೆ. ನಾನು ಹೇಳಿದ್ರೆ ಅರ್ಧ ಕೇಳುತ್ತೆ, ಇನ್ನರ್ಧ ನೀವೇ ಹೇಳಬೇಕು ತಾಯಿ" ಅಂದರು.

ಅತ್ತೆ ಬಂದು ನನ್ನ ಕೈ ಹಿಡಿದು ಗೋಳೋ ಅಂತ ಅತ್ತರು. "ನನ್ ಬಾಯಿ ಬಿದ್ದೋಗ!" ಅಂದರು.

"ಅಯ್ಯೋ, ನಿಲ್ಲಿಸಿ! ಆಮೇಲೆ ಆ ಬಾಯಿಗೂ ನಾನೇ ಬರಬೇಕಾಗುತ್ತೆ" ಅಂದರು ಡಾಕ್ಟರು. ಅಳುತ್ತಿದ್ದ ನಾವಿಬ್ಬರೂ ನಕ್ಕುಬಿಟ್ಟೆವು.

ಆಮೇಲೆ ಸುಮಾರು ದಿನ ಅವರು ಬರುವುದು, ಮಾತಾಡಿಸುವುದು, ಅತ್ತೆ ಹರಳೆಣ್ಣೆ ನೀವುತ್ತ "ಏನೂ ಆಗಿಲ್ಲ ಕಣವ್ವ, ಎತ್ತು" ಅನ್ನುವುದು ನಡೆಯಿತು. ಬೆರಳುಗಳು ಒಂದೊಂದಾಗಿ ಮಾತು ಕೇಳಿದವು. ದೀಪಾವಳಿಯ ಹೊತ್ತಿಗೆ ರಾಟೆ ತಿರುಗಿಸಿದೆ. ವಿಜಯಪುರದ ಸುದ್ದಿಯನ್ನು ಮತ್ತೆ ಯಾರೂ ಎತ್ತಲಿಲ್ಲ.

ಸ್ವಾತಂತ್ರ್ಯ ಬಂದ ಮರುವರ್ಷ ಡಾಕ್ಟರೇ ಹಾಸಿಗೆ ಹಿಡಿದರು. ಎದೆಯ ಕಾಯಿಲೆ. ಇನ್ನು ಉಳಿಯುವುದಿಲ್ಲ ಅಂತ ಸುದ್ದಿ ಬಂದಾಗ ನಾನೂ ಅತ್ತೆಯೂ ಓಡಿದೆವು. ಒಳಗೆ ಅವರ ಮನೆಯವರು ಬಾಯಿಗೆ ನೀರು ಬಿಡುತ್ತಿದ್ದರು. ಬೇರೆ ಜಾತಿಯವರು ನಾವು, ಜಗಲಿಯಲ್ಲೇ ನಿಂತೆವು. ಅವರ ಹೆಂಡತಿ ಹೊರಗೆ ಬಂದು, "ಬಾರಮ್ಮ, ನೀನು ಬಂದಿದೀಯ ಅಂತ ಇವರಿಗೆ ಹೇಳಿದೆ. ಕರೀತಿದಾರೆ" ಅಂದರು. ನಾನು ಹೊಸ್ತಿಲ ಹೊರಗೇ ತಡೆದೆ. ಅತ್ತೆ ಬೆನ್ನಿಗೆ ಕೈಯಿಟ್ಟು ತಳ್ಳಿದರು. "ಹೋಗವ್ವ. ಬಲಗೈಲಿ ಬಿಡು."

ಚಮಚ ಹಿಡಿದೆ. ಅಂಚಿನವರೆಗೂ ನೀರು ತುಂಬಿ ಅವರ ಬಾಯಿಗೆ ಒಯ್ದೆ. ಅವರು ನನ್ನ ಮುಖ ನೋಡಲಿಲ್ಲ, ಕೈಯನ್ನೇ ನೋಡುತ್ತಿದ್ದರು. ನೀರು ಗುಟುಕರಿಸಿ, ಎಷ್ಟೋ ಹೊತ್ತಿಗೆ ಉಸಿರು ಕೂಡಿಸಿಕೊಂಡು, "ಒಂದು ತೊಟ್ಟೂ ಚೆಲ್ಲಲಿಲ್ಲ" ಅಂದರು.