ಕರಿಬಸಪ್ಪ ಕಾಯ್ದಿಟ್ಟ ಆಟ

ಮಸ್ಕಿಯ ಕಿರಾಣಿ ಅಂಗಡಿ ಕರಿಬಸಪ್ಪನ ಚದುರಂಗದ ಆಟ ಕೆಡಿಸಿ ನಾನು ಒಂದನೇ ನಂಬರು ಹೊಡೆದೆನೆಂದು ಮೂರೂ ಊರಿನಲ್ಲಿ ಹೇಳುವವರಿದ್ದಾರೆ. ಅಂಥ ಇಬ್ಬರ ಕೊರಳಪಟ್ಟಿ ಹಿಡಿದದ್ದೂ ಆಗಿದೆ. ಅದರಿಂದ ಬಾಯಿ ಮುಚ್ಚಲಿಲ್ಲ, ಹಾಗಾಗಿ ಬರೆಯಲು ಕುಳಿತಿದ್ದೇನೆ. ನಾನು ಸಿಂಧನೂರಿನ ಗಾಣದ ಆದೆಪ್ಪ. ನಿಜಾಮರ ಕಾಲದ ಉರ್ದು ಶಾಲೆಯಲ್ಲಿ ನಾಲ್ಕು ವರ್ಷ ಕಲಿತವನು. ಕನ್ನಡ ಬರೆಯುವುದನ್ನು ಆಮೇಲೆ ನಾನೇ ಕಲಿತೆ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಕರಿಬಸಪ್ಪ ಬದುಕಿನಲ್ಲಿ ಅವಸರವನ್ನೇ ಕಾಣದ ಮನುಷ್ಯ. ತಕ್ಕಡಿಯ ಮುಳ್ಳು ನಿಲ್ಲುವ ತನಕ ಉಸಿರು ಬಿಡುತ್ತಿರಲಿಲ್ಲ.

"ಲೇ ಕರಿಬಸಪ್ಪ, ಉಪ್ಪು ಕೇಳಿ ಅರ್ಧ ತಾಸಾತು. ಸಮುದ್ರಕ್ಕ ಹೋಗಿ ತರಾಕತ್ತಿ ಏನ?" ಎಂದು ಗಿರಾಕಿಗಳು ರೇಗಿಸಿದರೆ, "ತಡಿಯಪಾ, ಸಮುದ್ರ ಎಲ್ಲಿಗಿ ಓಡಿಹೋಗ್ತೈತಿ" ಅನ್ನುವನು.

ಚದುರಂಗದಲ್ಲೂ ಅಷ್ಟೇ. ಆಟದ ನಡುವೆ ಯಾರಾದರೂ ಎದ್ದು ಹೋದರೆ, ಮನೆ ಬರೆದ ಬಟ್ಟೆಯ ಹಾಸಿನ ಮೇಲೆ, ಕಾಯಿ ಇದ್ದ ಹಾಗೇ, ಬುಟ್ಟಿ ಬೋರಲು ಹಾಕಿ ಅವರು ಬರುವ ತನಕ ಕಾಯುತ್ತಿದ್ದ. ಒಬ್ಬ ಮದುವೆಗೆಂದು ಹೋದವನು ಹದಿನೈದು ದಿನ ಬಿಟ್ಟು ಬಂದ. ಬುಟ್ಟಿ ಎತ್ತಿ, "ನಿಂದ ನಡಿ, ಕೂಡು" ಅಂದಿದ್ದ ಕರಿಬಸಪ್ಪ.

ಐವತ್ನಾಲ್ಕರಲ್ಲಿ ಸಿಂಧನೂರು, ಲಿಂಗಸುಗೂರು, ಮಸ್ಕಿಯ ಒಂಬತ್ತು ಆಟಗಾರರು ಕೂಡಿ ಒಂದು ಪಂದ್ಯ ಕಟ್ಟಿದೆವು. ಒಬ್ಬೊಬ್ಬನೂ ಉಳಿದೆಲ್ಲರ ಜೊತೆ ಆಡಬೇಕು, ವರ್ಷದ ಕೊನೆಗೆ ನಂಬರು ಹಾಕಬೇಕು. ಗೆಲುವು ಸೋಲು ಬರೆದಿಡುವ ಯಾದಿ ನನ್ನ ಕೈಯಲ್ಲಿತ್ತು. ನನ್ನ ಬಾಯಿ ಜೋರೆಂಬುದೇ ಅದಕ್ಕೆ ಕಾರಣ.

ಯುಗಾದಿಯ ಹೊತ್ತಿಗೆ ಲಿಂಗಸುಗೂರಿನ ದರ್ಜಿ ಜಿಲಾನಿಸಾಬ್ ಮಸ್ಕಿಗೆ ಬಂದು ಕರಿಬಸಪ್ಪನ ಎದುರು ಕೂತ. ಹೊಲಿಯುವುದೂ ಕಾಯಿ ನಡೆಸುವುದೂ ಎಡಗೈಯಲ್ಲೇ. ಹನ್ನೊಂದು ನಡೆ ಆಗಿತ್ತು. ಮುಂದಿನದು ಅವನದೇ. ಎದೆ ಒತ್ತಿಕೊಂಡು ಎದ್ದ.

"ಹಾಸು ಹಂಗ ಇರ್ಲಿ ಮಿಯಾ. ಬರೋ ಶುಕ್ರವಾರ ಜುಮ್ಮಾಕ್ಕ ಬಂದು ಆಡ್ತೀನಿ."

ಬಸ್ಸಿನಲ್ಲಿ ಊರು ಮುಟ್ಟಿದವನು ಮರುದಿನ ತೀರಿಕೊಂಡ.

ನಾನು ಮಸ್ಕಿಗೆ ಹೋಗಿ, "ಆಟ ನಿಂದಾತು, ಗೆದ್ದಿ ಅಂತ ಬರ್ಕೊಳ್ಳೇನು?" ಎಂದೆ. ಕರಿಬಸಪ್ಪ ಬುಟ್ಟಿಯ ಮೇಲೆ ಕೈ ಇಟ್ಟ.

"ಅಂವ ಸೋತಿಲ್ಲಲ್ಲೋ. ಬರ್ತೀನಿ ಅಂದಾನ."

"ಸತ್ತಾನಲೇ!"

"ಬರಂಗಿಲ್ಲ ಅಂತೇನು ಹೇಳಿ ಹೋಗಿಲ್ಲ."

ಬೈದು ಬಂದೆ. ದೀಪಾವಳಿ ಹೊತ್ತಿಗೆ ಎಲ್ಲರ ಆಟ ಮುಗಿದು ಯಾದಿಯಲ್ಲಿ ಅದೊಂದೇ ಮನೆ ಖಾಲಿ ಉಳಿಯಿತು. ಅದನ್ನು ಗೆದ್ದರೆ ಕರಿಬಸಪ್ಪ ಒಂದನೇ ನಂಬರು. ಸೋತರೂ ಸಮವಾದರೂ ನಾನು.

ಹೀಗಿರುವಾಗ ಅವನ ಹೆಂಡತಿ ಜಂಬಮ್ಮ ಬಸ್ಸು ಹತ್ತಿ ನನ್ನ ಗಾಣಕ್ಕೆ ಬಂದಳು. ಎತ್ತು ಬಿಡಿಸಿ ಬಂದು ಆಕೆಗೆ ನೀರು ಕೊಟ್ಟೆ. ಕುಡಿಯಲಿಲ್ಲ.

"ಅಣ್ಣಾ, ಆ ಆಟ ನಡದೈತಿ. ಜುಮ್ಮಾಕ್ಕೊಮ್ಮೆ ಜಿಲಾನಿಸಾಬಂದು ಒಂದು ಕಾಯಿ ಸರೀತೈತಿ."

"ಇಲಿ ಇರ್ಬೇಕವಾ."

"ಇಲಿ ಕುದುರಿ ನಡಸ್ತಾವೇನು? ಮದ್ಯಾನ್ದಾಗ ಕದದ ಸಂದಿಲೆ ನೋಡೀನಿ. ಇವರ ಎದ್ದು ಆಕಡಿ ಹೋಗಿ ಕೂಡ್ತಾರ. ಎಡಗೈಲೆ ಆಡ್ತಾರ. ಈಕಡಿ ಬಂದ ಮ್ಯಾಲ ಏನೂ ನೆನಪಿಲ್ಲ, 'ನೋಡು, ಜಿಲಾನಿ ಬಂದು ಹೋಗ್ಯಾನ' ಅಂತಾರ. ಅನ್ನ ಬಿಟ್ಟಾರ. ಗಿರಾಕಿಗೆಲ್ಲ ಆ ಜಿಲಾನಿಸಾಬನಂಗ ಮಿಯಾ, ಮಿಯಾ ಅನ್ನಾಕತ್ಯಾರ."

"ಈ ಆಟ ಮುಗೀತಂದ್ರ ಸರಿ ಹೋಗ್ತಾನ ಬಿಡವಾ."

"ಎಲ್ಲಿ ಮುಗೀತೈತಿ? ಸೋತವ ಇನ್ನೊಂದು ಆಟ ಕೇಳಿದ್ರ ಇಲ್ಲ ಅನ್ನಂಗಿಲ್ಲಂತ. ಯಾರು ಸೋತ್ರೂ ಮತ್ತ ಕಾಯಿ ಹೂಡ್ತಾರ. ಇನ್ನೊಂದು ಆಟಕ್ಕ ನನ್ನ ಗಂಡ ಉಳಿಯಂಗಿಲ್ಲಣ್ಣ."

ಅದು ನಮ್ಮ ಕಡೆಯ ಹಳೆಯ ಪದ್ಧತಿ, ನಿಜ. ಸಮವಾದರೆ ಮಾತ್ರ ಇಬ್ಬರೂ ಕೈ ಮುಟ್ಟಿ ಎದ್ದು ಮನೆಗೆ ಹೋಗುವುದು. ಮುಂದಿನ ಶುಕ್ರವಾರ ಮಸ್ಕಿಗೆ ಹೋದೆ. ಅವನನ್ನು ನಾಲ್ಕು ಬಾರಿಸಿ ಹಾಸು ಮಡಚಿ ಒಲೆಗೆ ಹಾಕುವುದೆಂದೇ ಹೊರಟಿದ್ದೆ.

ಸುಡುವ ಮಧ್ಯಾಹ್ನ. ಅಂಗಡಿಯ ಹಿಂದಿನ ಕೋಣೆ ಮಾತ್ರ ಬಾವಿಯೊಳಗಿನಂತೆ ತಂಪಾಗಿತ್ತು. ಕರಿಬಸಪ್ಪ ಗೋಡೆಗೆ ಬೆನ್ನು ಕೊಟ್ಟು, ಬಾಗಿಲಿಗೆ ಮುಖಮಾಡಿ ಕೂತಿದ್ದ. ಅದು ಜಿಲಾನಿಸಾಬ್ ಕೂತಿದ್ದ ಕಡೆ. ಮೈ ಒಣಗಿ ಅಂಗಿ ಜೋತುಬಿದ್ದಿತ್ತು. ಎದುರಿನ ಖಾಲಿ ಚಾಪೆಯನ್ನೇ ನೋಡುತ್ತಿದ್ದ.

"ಏ ಕರಿಬಸಪ್ಪ," ಎಂದ ಆ ಖಾಲಿ ಚಾಪೆಗೆ. "ನಿಂದು ನಡಿ ಆತು. ಹಿಂಗ ಬಾಗಲ ಯಾಕ ನೋಡ್ತೀ ಮಿಯಾ?"

ಬಾಗಿಲಲ್ಲಿ ಇದ್ದವನು ನಾನು. ನನ್ನ ಸಿಟ್ಟು ಆ ಹೊಸ್ತಿಲಿನಲ್ಲೇ ಆರಿಹೋಯಿತು. ಎಡಗೈ ಒಂಟೆಯ ಕಾಯಿಯನ್ನು ಎರಡು ಬೆರಳಲ್ಲಿ ಎತ್ತಿತು, ಸೂಜಿ ಎತ್ತುವ ಹಾಗೆ, ಮತ್ತು ಮೂಲೆಯಲ್ಲಿದ್ದ ತನ್ನ ರಾಜನ ಮುಂದೆ ಅಡ್ಡ ಇಟ್ಟಿತು. ಬಳಿಕ ಅವನು ಎದ್ದು ಈಚೆ ಬಂದು ಕೂತ, ಕಣ್ಣು ಉಜ್ಜಿಕೊಂಡ, ನನ್ನ ಗುರುತು ಹಿಡಿದ.

"ಆದೆಪ್ಪಾ, ಯಾವಾಗ ಬಂದಿ? ನೋಡಿಲ್ಲಿ, ಅಂವ ಒಂಟಿ ಅಡ್ಡ ಹಾಕ್ಯಾನ."

ನೋಡಿದೆ. ಸತ್ತವನ ಕಡೆ ರಾಜ, ಆ ಒಂದು ಒಂಟೆ, ಅಷ್ಟೇ ಉಳಿದಿತ್ತು. ಕರಿಬಸಪ್ಪನಿಗೆ ವಜೀರನೂ ಆನೆಯೂ ಇದ್ದವು. ಎರಡು ನಡೆಯಲ್ಲಿ ರಾಜ ಸಿಕ್ಕಿಬಿದ್ದು ಮಾತ್ ಆಗುವುದು ಕುರುಡನಿಗೂ ಕಾಣುತ್ತಿತ್ತು. ನಮ್ಮ ಆಟದಲ್ಲಿ ಎದುರಾಳಿಯ ಕೊನೆಯ ಕಾಯಿಯನ್ನು ಯಾರೂ ಹೊಡೆಯುವುದಿಲ್ಲ. ಹೊಡೆದು ರಾಜನನ್ನು ಒಂಟಿಯಾಗಿ ಬಿಟ್ಟರೆ ಆಟ ಸಮವಾಗುತ್ತದೆ. ಆಟ ಕಲಿತ ವಾರದಲ್ಲೇ ಈ ಪಾಠ ಆಗಿರುತ್ತದೆ.

ಅವನ ಬಲಗೈ ವಜೀರನ ಕಡೆ ಹೋಯಿತು.

ನೋಡುವವರು ಬಾಯಿ ಬಿಡಬಾರದು. ಬಾಯಿ ಬಿಟ್ಟವನನ್ನು ನಾನೇ ಎಷ್ಟೋ ಸಲ ಕೋಣೆಯಿಂದ ದಬ್ಬಿದ್ದೇನೆ. ಅಂಥ ನಾನು ಕೂಗಿದೆ:

"ಒಂಟಿ ಹೊಡಿಯಲೇ! ಆನಿಲೆ ಆ ಒಂಟಿ ಹೊಡಿ!"

ಕರಿಬಸಪ್ಪ ತಲೆ ಎತ್ತಿ ನನ್ನನ್ನೇ ನೋಡಿದ. ಆ ಕಣ್ಣಿನಲ್ಲಿ ಪೂರ್ತಿ ಅವನೇ ಇದ್ದ.

"ಹೊಡದ್ರ ಸಮ ಆಗ್ತೈತಿ. ಒಂದನೇ ನಂಬರು ನಿಂದಾಗ್ತೈತಿ, ಆದೆಪ್ಪ."

"ಗೊತ್ತೈತಿ. ಹೊಡಿ."

"ನನಗಾಗಿ ಹೇಳಾಕತ್ತೀಯೋ, ನಿನಗಾಗಿ ಹೇಳಾಕತ್ತೀಯೋ?"

ನನ್ನ ಕೈ ಬಗಲಲ್ಲಿದ್ದ ಯಾದಿಯ ಮೇಲೆ ಹೋಯಿತು. ಯಾರಿಗಾಗಿ ಹೇಳಿದೆನೋ ಇವತ್ತಿಗೂ ತಿಳಿಯದು. ಬಾಗಿಲ ಹಿಂದಿನಿಂದ ಜಂಬಮ್ಮ, "ನನಗಾಗಿ ಹೊಡೀರಿ" ಎಂದಳು.

ಆನೆ ಎತ್ತಿ ಒಂಟೆಯನ್ನು ಹೊಡೆದ. ಹೊಡೆದ ಕಾಯಿ ಕೆಳಗಿಡುವ ಮೊದಲೇ ಅವನ ಎಡಗೈ ಮೇಲೆದ್ದಿತು. ಅವನು ಅದನ್ನು ನೋಡುತ್ತಿರಲಿಲ್ಲ. ಅದು ಬಂದು ಬಲಗೈಯನ್ನು ಹಿಡಿಯಿತು, ಆಟ ಮುಗಿಸಿದ ಇಬ್ಬರು ಹಿಡಿಯುವ ಹಾಗೆ. ಎಷ್ಟೋ ಹೊತ್ತು ಬಿಡಲಿಲ್ಲ. ಬಿಟ್ಟಾಗ ಜೋತುಬಿತ್ತು.

ಸಹಿಗೆಂದು ಯಾದಿ ಮುಂದಿಟ್ಟೆ. ಕರಿಬಸಪ್ಪ ತನ್ನ ಹೆಸರಿನ ಮುಂದೆ ಕನ್ನಡದಲ್ಲಿ ಸಹಿ ಮಾಡಿದ. ಪೆನ್ನು ತೆಗೆದುಕೊಳ್ಳಲು ನಾನು ಬಾಗುವಷ್ಟರಲ್ಲಿ ಅದು ಎಡಗೈಗೆ ಹೋಗಿತ್ತು. ಜಿಲಾನಿಸಾಬನ ಹೆಸರಿನ ಮುಂದೆ, ಬಲದಿಂದ ಎಡಕ್ಕೆ, ಉರ್ದುವಿನಲ್ಲಿ ಬರೆಯಿತು. ಕರಿಬಸಪ್ಪನಿಗೆ ಉರ್ದುವಿನ ಒಂದು ಅಕ್ಷರವೂ ಬಾರದು. ಆ ಕೋಣೆಯಲ್ಲಿ ಉರ್ದು ಬರುತ್ತಿದ್ದವನು ನಾನೊಬ್ಬನೇ. ಸಹಿ ನಾನೇ ಗೀಚಿದೆನೆಂದು ಜನ ಹೇಳುವುದು ಅದಕ್ಕೇ.

ಕರಿಬಸಪ್ಪ ಎರಡು ದಿನ ಮಲಗಿ ಎದ್ದು ಅನ್ನ ಕೇಳಿದನಂತೆ. ಈಗ ಅಂಗಡಿಯಲ್ಲಿದ್ದಾನೆ, ಉಪ್ಪಿಗೆ ಮತ್ತೆ ಅರ್ಧ ತಾಸು ಹಿಡಿಯುತ್ತದೆ. ಎಡಗೈಯಲ್ಲಿ ಮಾತ್ರ ಒಂದು ಕಾಳೂ ಎತ್ತಲಾರ.

ಬಾಯಿಬಡುಕರಿಗೆ ಸಾಕ್ಷಿ ಬೇಕಲ್ಲ ಎಂದು ಯಾದಿ ಹಿಡಿದು ಲಿಂಗಸುಗೂರಿಗೆ ಹೋದೆ. ಜಿಲಾನಿಸಾಬನ ಹೆಂಡತಿ ಚಾಂದ್‌ಬೀ ಹಾಳೆಯನ್ನು ಬೆಳಕಿಗೆ ಹಿಡಿದು, ಬೆರಳಿನಿಂದ ಅಕ್ಷರ ಸವರಿದಳು.

"ಅವರದ. ಯಾರು ಗೆದ್ರು?"

"ಯಾರೂ ಇಲ್ಲವಾ. ಸಮ ಆತು. ಇಬ್ಬರೂ ಕೈ ಮುಟ್ಟಿದ್ರು."

"ಹಂಗಾರ ಎದ್ದು ಹೋಗ್ಯಾರ." ಜಗಲಿಯ ಕಡೆ ತಿರುಗಿ ನೋಡಿದಳು. "ತೀರಿಕೊಂಡ ಮ್ಯಾಲೂ ಪ್ರತಿ ಜುಮ್ಮಾ ಮಸ್ಕಿಯಿಂದ ಬಂದು ಇಲ್ಲೇ ಜಗಲಿ ಮ್ಯಾಲ ಕುಂತು ಕೆಮ್ಮತಿದ್ರು. ಮೂರು ಜುಮ್ಮಾ ಆತು, ಕೆಮ್ಮು ಕೇಳಿಲ್ಲ. ಸಮ ಮಾಡಂತ ಹೇಳಿದವ ಯಾರಣ್ಣ?"

"ನಾನ," ಎಂದೆ.

ಯಾದಿಯನ್ನು ನನ್ನ ಕೈಗೆ ಕೊಟ್ಟು ಕದ ಹಾಕಿಕೊಂಡಳು. ಒಳಗೆ ಅವಳು ಅಳುವುದು ಬೀದಿಯವರೆಗೆ ಕೇಳಿಸುತ್ತಿತ್ತು. ಗಂಡ ಅಂದೇ ಸತ್ತ ಹಾಗೆ ಅಳುತ್ತಿದ್ದಳು.